ಬೆರೆಸಬಾರದ ಎಣ್ಣೆ ಯಾವುದು?

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಕಬ್ಬು ನುರಿಸುವ ಹಂಗಾಮು ಶುರುವಾದರೆ ಟ್ರ್ಯಾಕ್ಟರುಗಳಿಗೆ ಹಗಲು ರಾತ್ರಿಯ ಭೇದ ಇರುವುದಿಲ್ಲ. ಎರಡೆರಡು ಟ್ರೇಲರ್ ಕಬ್ಬು ಎಳೆದುಕೊಂಡು ಕಾರ್ಖಾನೆಯ ಯಾರ್ಡಿಗೆ ಹೋಗಿ, ಪಾಳಿ ಹಚ್ಚಿ ನಿಂತು, ಖಾಲಿ ಮಾಡಿಕೊಂಡು ಮತ್ತೆ ಹೊಲಕ್ಕೆ ಮರಳುವ ಈ ಯಂತ್ರಗಳ ವಿಷಯದಲ್ಲಿ ಮಾಲೀಕರು, ಚಾಲಕರು, ಗ್ಯಾರೇಜಿನವರು ಎಲ್ಲರಲ್ಲೂ ಒಂದು ನಂಬಿಕೆ ಬೇರೂರಿದೆ. "ಸಿಂಥೆಟಿಕ್ ಆಯಿಲಿಗೆ ಸಾದಾ ಆಯಿಲ್ ಕೂಡಿಸಬ್ಯಾಡ್ರಿ, ಇಂಜಿನ್ ಕೆಡತೈತಿ" ಎಂಬುದು ಆ ನಂಬಿಕೆ. ಇದರ ಪಕ್ಕದಲ್ಲೇ, ಅನೇಕ ಸಲ ಅದೇ ಬಾಯಿಂದಲೇ, ಇನ್ನೊಂದು ಮಾತೂ ಕೇಳಿಬರುತ್ತದೆ: ಹಳೆಯ ಇಂಜಿನಿಗೆ ಒಂದು ಲೀಟರ್ ಸಿಂಥೆಟಿಕ್ ಹಾಕಿದರೆ ಅದರ ಆಯುಷ್ಯ ಹೆಚ್ಚುತ್ತದೆ. ಒಂದು ಮಾತು ಬೆರಕೆಯನ್ನು ವಿಷವೆನ್ನುತ್ತದೆ, ಇನ್ನೊಂದು ಔಷಧವೆನ್ನುತ್ತದೆ. ಎರಡೂ ತಪ್ಪು ಎಂಬುದು ನನ್ನ ವಾದ. ಇವುಗಳಿಂದಾಗುವ ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. ನಿಜವಾಗಿ ಯಂತ್ರ ಕೆಡಿಸುವ, ಕೆಲವೊಮ್ಮೆ ಜೀವವನ್ನೇ ತೆಗೆಯುವ ಬೇರೆ ಬೆರಕೆಗಳು ಇವುಗಳ ಮರೆಯಲ್ಲಿ ಯಾರ ಕಣ್ಣಿಗೂ ಬೀಳದೆ ನಡೆದುಹೋಗುತ್ತವೆ.

ಮೊದಲು ಬೇಡವೆನ್ನುವವರ ಪಕ್ಷವನ್ನು ನ್ಯಾಯವಾಗಿ ಮುಂದಿಡಬೇಕು. ಅವರಿಗೂ ಕಾರಣಗಳಿವೆ. ಒಂದು ನೆಲದಿಂದ ಬಂದ ಖನಿಜ ಎಣ್ಣೆ, ಇನ್ನೊಂದು ರಾಸಾಯನಿಕ ಕಾರ್ಖಾನೆಯಲ್ಲಿ ತಯಾರಾದದ್ದು. ಹುಟ್ಟೇ ಬೇರೆ ಇರುವಾಗ ಎರಡೂ ಹೊಂದುವುದು ಹೇಗೆ ಎಂಬುದು ಮೊದಲ ಕಾರಣ. ಕೂಡಿಸಿದರೆ ಎಣ್ಣೆ ಒಡೆದು ಪದರಾಗುತ್ತದೆ, ಇಲ್ಲವೇ ಗಟ್ಟಿಯಾಗಿ ಆಯಿಲ್ ಹೋಗುವ ದಾರಿ ಕಟ್ಟುತ್ತದೆ ಎಂಬುದು ಎರಡನೆಯದು. ಟ್ರ್ಯಾಕ್ಟರಿನ ಜೊತೆ ಬರುವ ಪುಸ್ತಕದಲ್ಲೇ ಬೇರೆ ಬೇರೆ ಎಣ್ಣೆ ಬೆರೆಸಬೇಡಿ ಎಂದು ಬರೆದಿರುತ್ತದೆ ಎಂಬುದು ಮೂರನೆಯದು. ಎಲ್ಲಕ್ಕಿಂತ ತೂಕದ್ದು ನಾಲ್ಕನೆಯದು: ಬೆರೆಸಿದ ಮೇಲೆ ಆಯಿಲ್ ಸೋರತೊಡಗಿದ, ಹೊಗೆ ಬಿಟ್ಟ, ಕಡೆಗೆ ಬಿಚ್ಚಬೇಕಾಗಿ ಬಂದ ಇಂಜಿನುಗಳನ್ನು ಮಿಸ್ತ್ರಿಗಳು ಕೈಯಾರೆ ನೋಡಿದ್ದಾರೆ. ಇಪ್ಪತ್ತು ವರ್ಷ ಸ್ಪ್ಯಾನರ್ ಹಿಡಿದವರ ಅನುಭವವನ್ನು ಪುಸ್ತಕ ಓದಿದವರು ಹಗುರವಾಗಿ ತಳ್ಳಿಹಾಕಬಾರದು. ಆದರೆ ಕಂಡದ್ದು ಬೇರೆ, ಕಂಡದ್ದಕ್ಕೆ ಕೊಟ್ಟ ಕಾರಣ ಬೇರೆ. ಎರಡನ್ನೂ ಬಿಡಿಸಿ ನೋಡಬೇಕು.

ಡಬ್ಬಿಯಲ್ಲಿ ಇರುವುದೇನು ಎಂಬಲ್ಲಿಂದಲೇ ಶುರುಮಾಡೋಣ. ಇಂಜಿನ್ ಆಯಿಲಿನಲ್ಲಿ ಬಹುಪಾಲು ಮೂಲ ಎಣ್ಣೆ, ಉಳಿದದ್ದು ರಾಸಾಯನಿಕಗಳು: ಮಸಿಯನ್ನು ತೇಲಿಸಿ ಹಿಡಿಯುವಂಥವು, ಆಮ್ಲವನ್ನು ಶಮನಗೊಳಿಸುವಂಥವು, ಸವೆತ ತಡೆಯುವಂಥವು, ಕಾವಿನಲ್ಲಿ ಎಣ್ಣೆ ತೀರಾ ತೆಳುವಾಗದಂತೆ ಕಾಯುವಂಥವು. ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್, ಅಂದರೆ ಎಪಿಐ, ಮೂಲ ಎಣ್ಣೆಗಳನ್ನು ಐದು ಗುಂಪು ಮಾಡಿದೆ. ಒಂದು ಮತ್ತು ಎರಡನೆಯ ಗುಂಪುಗಳಿಗೆ ನಾವು ಸಾದಾ ಅಥವಾ ಖನಿಜ ಎಣ್ಣೆ ಎನ್ನುತ್ತೇವೆ. ಮೂರನೆಯ ಗುಂಪೂ ಕಚ್ಚಾ ಎಣ್ಣೆಯಿಂದಲೇ ಬರುವಂಥದ್ದು. ಹೆಚ್ಚಿನ ಒತ್ತಡದಲ್ಲಿ ಜಲಜನಕ ಹಾಯಿಸಿ ಅದರ ಅಣುಗಳನ್ನು ಒಡೆದು ಹದಗೊಳಿಸಿರುತ್ತಾರೆ. ಪಾಲಿ ಆಲ್ಫಾ ಓಲಿಫಿನ್ ಎಂಬ, ಪೂರ್ತಿ ಕಟ್ಟಿ ತಯಾರಿಸಿದ ಎಣ್ಣೆ ನಾಲ್ಕನೆಯ ಗುಂಪು. ಎಸ್ಟರ್, ಗ್ಲೈಕಾಲ್ ಮುಂತಾಗಿ ಉಳಿದವೆಲ್ಲ ಐದನೆಯದು. ಒಂದು ಕಾಲದಲ್ಲಿ ಸಿಂಥೆಟಿಕ್ ಎಂದರೆ ನಾಲ್ಕು ಮತ್ತು ಐದನೆಯ ಗುಂಪು ಮಾತ್ರ. ಮೂರನೆಯ ಗುಂಪಿನ ಎಣ್ಣೆಯನ್ನು ಕ್ಯಾಸ್ಟ್ರಾಲ್ ಕಂಪನಿ ಸಿಂಥೆಟಿಕ್ ಎಂದು ಮಾರತೊಡಗಿದಾಗ ಮೊಬಿಲ್ ದೂರು ಕೊಟ್ಟಿತು. 1999ರಲ್ಲಿ ಅಮೆರಿಕದ ಜಾಹೀರಾತು ಸ್ವಯಂನಿಯಂತ್ರಣ ಸಂಸ್ಥೆ ಕ್ಯಾಸ್ಟ್ರಾಲಿನ ಪರವಾಗಿ ಅಭಿಪ್ರಾಯ ಕೊಟ್ಟಿತು. ಅಲ್ಲಿಂದಾಚೆಗೆ ಸಿಂಥೆಟಿಕ್ ಎಂದು ಮಾರಾಟವಾಗುವ ಎಣ್ಣೆಯಲ್ಲಿ ದೊಡ್ಡ ಪಾಲು, ಸಾದಾ ಎಣ್ಣೆಯಂತೆಯೇ, ಕಚ್ಚಾ ಎಣ್ಣೆಯಿಂದಲೇ ಬರುತ್ತಿದೆ. ಹುಟ್ಟೇ ಬೇರೆ ಎಂಬ ಮೊದಲ ಕಾರಣದ ಬಲ ಇಲ್ಲಿಗೇ ಅರ್ಧ ಕರಗಿತು.

ಉಳಿದರ್ಧವೂ ನಿಲ್ಲುವುದಿಲ್ಲ. ನಾಲ್ಕನೆಯ ಗುಂಪಿನ ಎಣ್ಣೆಯೂ ಇಂಗಾಲ–ಜಲಜನಕಗಳ ಸರಪಳಿಯೇ. ಶೇಂಗಾ ಎಣ್ಣೆ ಮತ್ತು ಕುಸುಬಿ ಎಣ್ಣೆ ಒಂದೇ ಬಾಣಲೆಯಲ್ಲಿ ಕೂಡುವಂತೆ ಅದು ಖನಿಜ ಎಣ್ಣೆಯ ಜೊತೆ ಕೂಡಿಬಿಡುತ್ತದೆ. ಇದಕ್ಕೆ ದೂರದ ಸಾಕ್ಷಿ ಬೇಕಿಲ್ಲ. ಅಂಗಡಿಯ ಅದೇ ಕಪಾಟಿನಲ್ಲಿ ಸೆಮಿ ಸಿಂಥೆಟಿಕ್ ಎಂಬ ಡಬ್ಬಿ ಕೂತಿರುತ್ತದೆ. ಅದರೊಳಗೆ ಇರುವುದು ಖನಿಜ ಎಣ್ಣೆ ಮತ್ತು ಸಿಂಥೆಟಿಕ್ ಎಣ್ಣೆಗಳ ಬೆರಕೆಯೇ. ಬೆರಕೆ ತನ್ನಷ್ಟಕ್ಕೆ ವಿಷವಾಗಿದ್ದರೆ ಕಂಪನಿಯವರು ಅದನ್ನು ಮೊಹರು ಹಾಕಿ ಮಾರಲು ಸಾಧ್ಯವಿರಲಿಲ್ಲ. ಇಷ್ಟೇ ಅಲ್ಲದೆ, ಪೆಟ್ರೋಲ್ ಇಂಜಿನ್ ಆಯಿಲುಗಳಿಗೆ ಎಪಿಐ ಮುದ್ರೆ ಕೊಡುವಾಗ ಕೂಡಿಕೊಳ್ಳುವ ಗುಣದ ಪರೀಕ್ಷೆಯೇ ಒಂದಿದೆ. ಹೊಸ ಎಣ್ಣೆಯನ್ನು ಮಾದರಿ ಎಣ್ಣೆಗಳ ಜೊತೆ ಬೆರೆಸಿ, ಕಾಯಿಸಿ, ತಣಿಸಿ, ಪದರಾಗುತ್ತದೆಯೇ, ಗಸಿ ಇಳಿಯುತ್ತದೆಯೇ ಎಂದು ನೋಡುತ್ತಾರೆ. ಪದರಾದರೆ ಮುದ್ರೆ ಸಿಗುವುದಿಲ್ಲ. ದಾರಿಯಲ್ಲಿ ಆಯಿಲ್ ಕಡಿಮೆಯಾದವನಿಗೆ ತನ್ನದೇ ಬ್ರ್ಯಾಂಡ್ ಸಿಗದಿರಬಹುದು ಎಂಬುದನ್ನು ನಿಯಮ ಮಾಡಿದವರು ಮೊದಲೇ ಲೆಕ್ಕಕ್ಕೆ ಹಿಡಿದಿದ್ದಾರೆ.

ಹಾಗಾದರೆ ಈ ಭಯ ಎಲ್ಲಿಂದ ಬಂತು? ಪೂರ್ತಿ ಕಟ್ಟುಕಥೆಯೆಂದು ನಾನು ಹೇಳಲಾರೆ. ಔಡಲ ಎಣ್ಣೆ ಖನಿಜ ಎಣ್ಣೆಯಲ್ಲಿ ಸರಿಯಾಗಿ ಕರಗುವುದಿಲ್ಲ, ಮತ್ತು ಒಂದು ಕಾಲದಲ್ಲಿ ಇಂಜಿನಿಗೆ ಹಾಕುತ್ತಿದ್ದುದು ಅದನ್ನೇ. ಮೊದಲ ಮಹಾಯುದ್ಧದ ವಿಮಾನಗಳ ಸುತ್ತುವ ಇಂಜಿನುಗಳು ಔಡಲ ಎಣ್ಣೆಯಿಂದ ನಡೆದವು. ಕ್ಯಾಸ್ಟ್ರಾಲ್ ಎಂಬ ಹೆಸರಿನಲ್ಲೇ ಅದರ ಗುರುತಿದೆ. ಇವತ್ತಿಗೂ ಕೆಲವು ಕಂಪ್ರೆಸರುಗಳಲ್ಲಿ ಬಳಸುವ ಪಾಲಿಗ್ಲೈಕಾಲ್ ಎಣ್ಣೆ ಖನಿಜ ಎಣ್ಣೆಯ ಜೊತೆ ಕೂಡುವುದಿಲ್ಲ. 1970ರ ದಶಕದಲ್ಲಿ ಸಿಂಥೆಟಿಕ್ ಇಂಜಿನ್ ಆಯಿಲ್ ಜನಬಳಕೆಗೆ ಬಂದಾಗ ಸೀಲುಗಳ ತಕರಾರೂ ಇತ್ತು. ಎಸ್ಟರ್ ರಬ್ಬರನ್ನು ಉಬ್ಬಿಸುತ್ತದೆ, ಪಾಲಿ ಆಲ್ಫಾ ಓಲಿಫಿನ್ ತುಸು ಕುಗ್ಗಿಸುತ್ತದೆ. ಎರಡರ ಪ್ರಮಾಣ ಹೊಂದಿಸಲು ತಯಾರಕರಿಗೆ ಕಾಲ ಹಿಡಿಯಿತು. ಅಂದಿನ ಎಚ್ಚರಿಕೆ ಅಂದಿಗೆ ಸರಿಯಾಗಿತ್ತು. ಎಣ್ಣೆಯೂ ಬದಲಾಯಿತು, ಸೀಲಿನ ರಬ್ಬರೂ ಬದಲಾಯಿತು. ಮಾತು ಮಾತ್ರ ಗ್ಯಾರೇಜಿನಿಂದ ಗ್ಯಾರೇಜಿಗೆ ಹಾಗೇ ದಾಟಿಕೊಂಡು ಬಂತು.

ಈಗ ಮಿಸ್ತ್ರಿಗಳ ಅನುಭವಕ್ಕೆ ಬರೋಣ. ಬೇರೆ ಎಣ್ಣೆ ಮೇಲಿಂದ ಹಾಕಿದ ಇಂಜಿನ್ ಕೆಲ ದಿನಗಳಲ್ಲಿ ಹೊಗೆ ಬಿಟ್ಟಿತು ಎನ್ನುತ್ತಾರೆ. ಮೇಲಿಂದ ಎಣ್ಣೆ ಹಾಕುವ ಪ್ರಸಂಗ ಬಂದದ್ದೇಕೆ ಎಂದು ಮೊದಲು ಕೇಳಬೇಕು. ರಿಂಗು ಸವೆದೋ, ವಾಲ್ವ್ ಸೀಲ್ ಹೋಗಿಯೋ ಎಣ್ಣೆ ಆಗಲೇ ಉರಿಯುತ್ತಿದ್ದುದರಿಂದಲೇ ಗೇಜ್ ಕಡ್ಡಿಯಲ್ಲಿ ಮಟ್ಟ ಇಳಿದಿತ್ತು. ರೋಗ ಬೆರಕೆಗಿಂತ ಮುಂಚಿನದು. ಎಣ್ಣೆ ಗಟ್ಟಿಯಾಗಿ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿತ್ತು ಎಂದರೆ ಅದರಲ್ಲಿ ನೀರು ಸೇರಿದೆ: ಹೆಡ್ ಗ್ಯಾಸ್ಕೆಟ್ ಹೋಗಿರಬೇಕು, ಆಯಿಲ್ ಕೂಲರ್ ಒಡೆದಿರಬೇಕು. ಅದನ್ನು ಸಿಂಥೆಟಿಕ್ ತಲೆಗೆ ಕಟ್ಟಿ ಎಣ್ಣೆ ಬದಲಿಸಿ ಕಳಿಸಿದರೆ ಅದೇ ಇಂಜಿನ್ ಮತ್ತೆ ಬಂದೇ ಬರುತ್ತದೆ. ಸೋರಿಕೆಯ ಮಾತಿನಲ್ಲಿ ಸ್ವಲ್ಪ ಸತ್ಯವಿದೆ, ಅದನ್ನು ಒಪ್ಪುತ್ತೇನೆ. ವರ್ಷಗಟ್ಟಲೆ ಕಿಟ್ಟ ಕಟ್ಟಿದ ಇಂಜಿನಿನಲ್ಲಿ ಸವೆದ ಸೀಲಿನ ಸಂದನ್ನು ಆ ಕಿಟ್ಟವೇ ಮುಚ್ಚಿರುತ್ತದೆ. ಚೆನ್ನಾಗಿ ತೊಳೆಯುವ ಹೊಸ ಎಣ್ಣೆ ಬಿದ್ದಾಗ ಸಂದು ತೆರೆದು ಸೋರುತ್ತದೆ. ಅಲ್ಲಿ ಕೆಟ್ಟದ್ದು ಸೀಲು. ಎಣ್ಣೆ ಅದನ್ನು ಬಯಲಿಗೆ ತಂದಿತು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ. ಕೂಡುತ್ತದೆ ಎಂದ ಮಾತ್ರಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಹೇಗೆ ಹೇಳುವುದು? ಪ್ರತಿ ಕಂಪನಿಯೂ ತನ್ನ ರಾಸಾಯನಿಕಗಳನ್ನು ಅಳೆದು ತೂಗಿ ಹೊಂದಿಸಿರುತ್ತದೆ. ಎರಡು ಡಬ್ಬಿ ಕೂಡಿದಾಗ ಆ ಹೊಂದಿಕೆ ಏನಾಗುತ್ತದೆಂದು ಇಂಜಿನಿನಲ್ಲಿ ಓಡಿಸಿ ಪರೀಕ್ಷಿಸಿದವರು ಯಾರೂ ಇಲ್ಲ. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಟ್ರ್ಯಾಕ್ಟರಿನ ಪುಸ್ತಕ ಹೇಳುವುದೂ ಇದನ್ನೇ. ವಾರಂಟಿ ಇರುವವರೆಗೆ ಪುಸ್ತಕ ಹೇಳಿದ ಎಣ್ಣೆಯನ್ನೇ ಹಾಕಬೇಕು, ಅದರಲ್ಲಿ ಚರ್ಚೆಯೇ ಬೇಡ. ಆದರೆ ಈ ಆಕ್ಷೇಪ ಎಲ್ಲಿಯವರೆಗೆ ಹೋಗುತ್ತದೆ ಎಂಬುದನ್ನೂ ನೋಡಬೇಕು. ಎರಡು ಕಂಪನಿಗಳ ಸಾದಾ ಎಣ್ಣೆಗಳನ್ನು ಕೂಡಿಸಿದರೂ ಅದು ಅಷ್ಟೇ ಅನ್ವಯಿಸುತ್ತದೆ. ಸಿಂಥೆಟಿಕ್ ಮತ್ತು ಸಾದಾ ಎಂಬ ಗೆರೆಗೂ ಅದಕ್ಕೂ ಸಂಬಂಧವಿಲ್ಲ. ಅದರಿಂದ ಹೊರಡುವ ತೀರ್ಮಾನವೂ ಸಣ್ಣದು: ಬೆರೆಸಿದ ಎಣ್ಣೆಗೆ ಒಳ್ಳೆಯ ಎಣ್ಣೆಯ ಆಯುಷ್ಯ ಲೆಕ್ಕ ಹಾಕಬೇಡಿ, ಸಾದಾ ಎಣ್ಣೆಯ ಅವಧಿಗೇ ಬದಲಿಸಿ. ಬೆರಕೆ ಔಷಧವೆಂಬ ಎರಡನೆಯ ನಂಬಿಕೆ ಬೀಳುವುದೂ ಇಲ್ಲಿಯೇ. ಏಳು ಲೀಟರ್ ಹಿಡಿಯುವ ಚೇಂಬರಿಗೆ ಒಂದು ಲೀಟರ್ ಸಿಂಥೆಟಿಕ್ ಹಾಕಿದರೆ ಉಳಿದ ಆರು ಲೀಟರ್ ಸಾದಾ ಎಣ್ಣೆಯಾಗಿಯೇ ಇರುತ್ತದೆ, ಅದರ ವೇಗದಲ್ಲೇ ಸುಟ್ಟು ಕಪ್ಪಾಗುತ್ತದೆ. ಒಂದು ಲೀಟರಿಗೆ ಕೊಟ್ಟ ಹೆಚ್ಚಿನ ದುಡ್ಡು ಅಷ್ಟರಮಟ್ಟಿಗೆ ವ್ಯರ್ಥ.

ನಿಜವಾಗಿ ಲೆಕ್ಕ ಹಾಕಬೇಕಾದದ್ದು ಎಣ್ಣೆಯ ದಪ್ಪವನ್ನು. ಡಬ್ಬಿಯ ಮೇಲಿನ 15ಡಬ್ಲ್ಯು-40 ಎಂಬುದರಲ್ಲಿ 40 ಎಂದರೆ 100 ಡಿಗ್ರಿ ಕಾವಿನಲ್ಲಿ ಎಣ್ಣೆಯ ದಪ್ಪ 12.5 ಸೆಂಟಿಸ್ಟೋಕ್ಸಿಗೆ ಕಡಿಮೆ ಇಲ್ಲದೆ 16.3ರ ಒಳಗೆ ಇರಬೇಕು. 30 ಎಂದರೆ 9.3ರಿಂದ 12.5ರ ಒಳಗೆ. ಟ್ರ್ಯಾಕ್ಟರಿನಲ್ಲಿ 14.5 ದಪ್ಪದ 15ಡಬ್ಲ್ಯು-40 ಆರು ಲೀಟರ್ ಇದೆ, ಸಿಕ್ಕಿದ್ದು 10.5 ದಪ್ಪದ 5ಡಬ್ಲ್ಯು-30 ಸಿಂಥೆಟಿಕ್ ಒಂದು ಲೀಟರ್ ಎಂದುಕೊಳ್ಳಿ. ಕೂಡಿಸಿದರೆ ಸುಮಾರು 13.8 ಬರುತ್ತದೆ, ಇನ್ನೂ 40ರ ಗೆರೆಯೊಳಗೇ ಇದೆ, ಇಂಜಿನಿಗೆ ಅದರ ಸುದ್ದಿಯೂ ಗೊತ್ತಾಗುವುದಿಲ್ಲ. ನಾಲ್ಕು ಲೀಟರಿಗೆ ಮೂರು ಲೀಟರ್ ಕೂಡಿಸಿದರೆ 12.6ರ ಹತ್ತಿರ ಬರುತ್ತದೆ. ಅದು ಗೆರೆಯ ಅಂಚು, ಸವೆದ ಇಂಜಿನಿಗೆ ಆಯಿಲ್ ಪ್ರೆಷರ್ ಇಳಿಯುವ ಮಟ್ಟ. ಎರಡೂ ಕಡೆ ನಿರ್ಣಯ ಮಾಡಿದ್ದು ಸಂಖ್ಯೆ; ಸಿಂಥೆಟಿಕ್ ಎಂಬ ಹೆಸರು ಮಾಡಿದ್ದು ಏನೂ ಇಲ್ಲ. 15ಡಬ್ಲ್ಯು ಎಣ್ಣೆಯನ್ನು ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ ಪರೀಕ್ಷಿಸಿರುತ್ತಾರೆ ಎಂಬುದನ್ನೂ ಇಲ್ಲೇ ಹೇಳಬೇಕು. ಘಟಪ್ರಭೆಯ ದಂಡೆಯಲ್ಲಿ ಅಂಥ ಚಳಿ ಎಂದೂ ಬೀಳುವುದಿಲ್ಲ. ತಣ್ಣಗಿನ ಬೆಳಗಿನಲ್ಲಿ ಬೇಗ ಹರಿಯುತ್ತದೆಂದು ಹೇಳಿ ಮಾರುವ ಸಿಂಥೆಟಿಕ್ ಗುಣಕ್ಕೆ ನಮ್ಮ ರೈತ ದುಡ್ಡು ಕೊಡುವ ಅಗತ್ಯ ಅಷ್ಟಾಗಿ ಇಲ್ಲ. ಕಾವಿನಲ್ಲಿ ಬೇಗ ಕೆಡದ ಅದರ ಗುಣ ಮಾತ್ರ ನಿಜಕ್ಕೂ ಉಪಯೋಗದ್ದು.

ಈ ಭಯದಿಂದ ಆಗುವ ನಷ್ಟವನ್ನು ಒಂದು ಪ್ರಸಂಗದಲ್ಲಿ ನೋಡೋಣ. ರಾತ್ರಿ ಹೊತ್ತು ಮೂಡಲಗಿ ಕಡೆಯಿಂದ ಲೋಡ್ ಹೊರಟಿದೆ, ಆಯಿಲ್ ದೀಪ ಮಿಣುಕುತ್ತದೆ, ಗೇಜ್ ಕಡ್ಡಿಯಲ್ಲಿ ಎಣ್ಣೆ ಕೆಳಗಿನ ಗೆರೆಗೂ ಮುಟ್ಟುತ್ತಿಲ್ಲ. ತೆರೆದಿರುವ ಒಂದೇ ಅಂಗಡಿಯಲ್ಲಿ ಸಿಗುವುದು ಡೀಸೆಲ್ ಇಂಜಿನಿನ ಸಿಂಥೆಟಿಕ್ 15ಡಬ್ಲ್ಯು-40. ಬೆರೆಸಬಾರದೆಂಬ ಮಾತು ನಂಬಿದ ಚಾಲಕ ಹಾಗೇ ಕಾರ್ಖಾನೆ ಮುಟ್ಟಿಸಲು ನೋಡುತ್ತಾನೆ. ಕಡಿಮೆ ಎಣ್ಣೆ ಬೇಗ ಕಾಯುತ್ತದೆ, ಏರು ಬಂದಾಗ ಪಂಪು ಎಣ್ಣೆಯ ಬದಲು ಗಾಳಿ ಎಳೆಯುತ್ತದೆ, ಬೇರಿಂಗುಗಳು ಕ್ರ್ಯಾಂಕಿಗೆ ಕಚ್ಚಿಕೊಳ್ಳುತ್ತವೆ. ಹಂಗಾಮಿನ ನಡುವೆ ಇಂಜಿನ್ ಬಿಚ್ಚಿಸುವುದೆಂದರೆ ಬಿಡಿಭಾಗದ ಖರ್ಚಷ್ಟೇ ಅಲ್ಲ, ಕಬ್ಬು ಕಡಿಯುವ ತಂಡಕ್ಕೆ ಕೊಟ್ಟ ಮುಂಗಡವೂ ಕೂತು ಕರಗುತ್ತದೆ. ಅಂಗಡಿಯ ಆ ಬೇರೆ ಎಣ್ಣೆಯಿಂದ ಆಗಬಹುದಾಗಿದ್ದ ಕೇಡು ಇದರ ಮುಂದೆ ಲೆಕ್ಕಕ್ಕಿಲ್ಲ. ಇನ್ನೊಂದು ಮಾತು: 250 ತಾಸಿಗೊಮ್ಮೆ ಎಣ್ಣೆ ಬದಲಿಸಿ ಎಂದು ಅನೇಕ ಟ್ರ್ಯಾಕ್ಟರುಗಳ ಪುಸ್ತಕದಲ್ಲಿದೆ. ಆದರೆ ಹಳೆಯ ಯಾಂತ್ರಿಕ ಅವರ್ ಮೀಟರ್ ಇಂಜಿನ್ ತಿರುಗಿದ ಸುತ್ತುಗಳನ್ನು ಎಣಿಸಿ ತಾಸು ತೋರಿಸುತ್ತದೆ. ಯಾರ್ಡಿನಲ್ಲಿ ಇಂಜಿನ್ ಬಂದ್ ಮಾಡದೆ ನಿಧಾನ ಓಡುತ್ತ ನಿಂತ ಒಂದು ತಾಸು ಅದರಲ್ಲಿ ಅರ್ಧ ತಾಸೂ ಆಗಿರುವುದಿಲ್ಲ. ಅದೇ ಹೊತ್ತಿನಲ್ಲಿ ಅರೆಬೆಂದ ಡೀಸೆಲ್ ಎಣ್ಣೆಗೆ ಇಳಿಯುತ್ತಿರುತ್ತದೆ. ಸಿಂಥೆಟಿಕ್ ಬಗ್ಗೆ ಅಷ್ಟು ಎಚ್ಚರವಾಗಿರುವವರು ಈ ಬೆರಕೆಯ ಬಗ್ಗೆ ಮಾತಾಡುವುದನ್ನು ನಾನು ಕೇಳಿಲ್ಲ.

ಹಾಗಾದರೆ ಹೆದರಬೇಕಾದ ಬೆರಕೆಗಳು ಯಾವುವು? ಎಣ್ಣೆಯ ಹುಟ್ಟು ಬಿಟ್ಟು ಅದಕ್ಕೆ ವಹಿಸಿದ ಕೆಲಸ ನೋಡಿದರೆ ಉತ್ತರ ಸಿಗುತ್ತದೆ.

1. ಇಂಜಿನ್ ಆಯಿಲನ್ನು ಹಿಂದಿನ ಹೌಸಿಂಗಿಗೆ ಹಾಕುವುದು. ಈಗಿನ ಬಹುತೇಕ ಟ್ರ್ಯಾಕ್ಟರುಗಳಲ್ಲಿ ಬ್ರೇಕಿನ ತಟ್ಟೆಗಳು ಎಣ್ಣೆಯಲ್ಲೇ ಮುಳುಗಿರುತ್ತವೆ. ಗೇರು, ಹೈಡ್ರಾಲಿಕ್, ಬ್ರೇಕು ಮೂರಕ್ಕೂ ಸಾಮಾನ್ಯವಾಗಿ ಒಂದೇ ಎಣ್ಣೆ. ತಟ್ಟೆಗಳು ಎಷ್ಟು ಹಿಡಿಯಬೇಕು, ಎಷ್ಟು ಜಾರಬೇಕು ಎಂಬುದನ್ನು ಆ ಎಣ್ಣೆಯ ರಾಸಾಯನಿಕವೇ ನಿರ್ಧರಿಸುತ್ತದೆ. ಇಂಜಿನ್, ಹೌಸಿಂಗ್ ಎರಡಕ್ಕೂ ಎಂದೇ ಮಾಡಿದ ಟ್ರ್ಯಾಕ್ಟರ್ ಆಯಿಲುಗಳು ಇವೆ, ಅವು ಬೇರೆ ಮಾತು. ಬರಿಯ ಇಂಜಿನ್ ಆಯಿಲ್ ಕೂಡಿದರೆ ಬ್ರೇಕು ಕಿರುಚುತ್ತದೆ, ಜಗ್ಗುತ್ತದೆ ಇಲ್ಲವೇ ಹಿಡಿಯುವುದೇ ಇಲ್ಲ. ಎರಡು ಟ್ರೇಲರ್ ಕಬ್ಬು ಹಿಂದೆ ಇರುವಾಗ ಇಳಿಜಾರಿನಲ್ಲಿ ಅದರ ಬೆಲೆ ತೆರುವವರು ಎದುರು ಬರುವ ಬೈಕಿನವರು.

2. ಕಾರಿನ ಎಣ್ಣೆಯನ್ನು ಬೈಕಿಗೆ ಹಾಕುವುದು. ಗೇರಿನ ಬೈಕುಗಳಲ್ಲಿ ಕ್ಲಚ್ಚು ಇಂಜಿನ್ ಆಯಿಲಿನಲ್ಲೇ ಮುಳುಗಿರುತ್ತದೆ. ಇಂಧನ ಉಳಿಸಲೆಂದು ಜಾರಿಕೆ ಹೆಚ್ಚಿಸಿದ ಕಾರಿನ ಎಣ್ಣೆ ಬಿದ್ದರೆ ಕ್ಲಚ್ಚು ಜಾರುತ್ತದೆ. ಡಬ್ಬಿಯ ಮೇಲೆ ಜಾಸೊ ಎಂಎ ಅಥವಾ ಎಂಎ2 ಎಂಬ ಗುರುತಿದ್ದರೆ ಅದು ಬೈಕಿನದು, ಸಾದಾ ಇರಲಿ ಸಿಂಥೆಟಿಕ್ ಇರಲಿ.

3. ಬ್ರೇಕ್ ಆಯಿಲಿನ ಡಬ್ಬಿಗೆ ಬೇರೆ ಯಾವ ಎಣ್ಣೆಯನ್ನಾದರೂ ಹಾಕುವುದು. ಪಿಕಪ್ ಗಾಡಿಗಳ ಬ್ರೇಕ್ ಆಯಿಲ್ ಗ್ಲೈಕಾಲ್ ಜಾತಿಯದು. ಅದರ ರಬ್ಬರ್ ವಾಷರುಗಳಿಗೆ ಖನಿಜ ಎಣ್ಣೆ ತಾಗಿದರೆ ಉಬ್ಬಿ ಕೆಡುತ್ತವೆ, ಬ್ರೇಕು ಕೈಕೊಡುತ್ತದೆ.

4. ಗ್ರೀಸು. ಬೆಲ್ಲದ ಗಾಣದ ಬೇರಿಂಗಿಗೂ ಟ್ರೇಲರಿನ ಹಬ್ಬಿಗೂ ಕೈಗೆ ಸಿಕ್ಕ ಗ್ರೀಸು ಒತ್ತುವುದು ರೂಢಿ. ಗ್ರೀಸಿನಲ್ಲಿ ಎಣ್ಣೆಯನ್ನು ಹಿಡಿದಿಡುವ ಸಾಬೂನೊಂದಿರುತ್ತದೆ: ಲಿಥಿಯಂ, ಕ್ಯಾಲ್ಸಿಯಂ, ಅಥವಾ ಪಾಲಿಯೂರಿಯಾದಂಥ ಬೇರೆ ವಸ್ತು. ಇವುಗಳಲ್ಲಿ ಕೆಲವು ಕೂಡಿದರೆ ಗ್ರೀಸು ನೀರಾಗಿ ಹರಿದುಹೋಗುತ್ತದೆ. ನೀಲಿ, ಕೆಂಪು ಬಣ್ಣ ನೋಡಿ ಗುರುತಿಸಲು ಬರುವುದಿಲ್ಲ, ಬಣ್ಣ ಕಂಪನಿಯ ಇಷ್ಟ.

5. ಬಿಎಸ್-6 ಗಾಡಿಗೆ ಹಳೆಯ ದರ್ಜೆಯ ಡೀಸೆಲ್ ಎಣ್ಣೆ. ಹೊಗೆಯ ಫಿಲ್ಟರ್ ಇರುವ ಗಾಡಿಗಳಿಗೆ ಬೂದಿ ಕಡಿಮೆ ಬಿಡುವ, ಸಿಕೆ-4ರಂಥ ದರ್ಜೆ ಬೇಕು. ಬೂದಿ ಸುಡುವುದಿಲ್ಲ, ಫಿಲ್ಟರಿನಲ್ಲಿ ಕೂತು ಕಟ್ಟುತ್ತದೆ. 50 ಅಶ್ವಶಕ್ತಿ ಮೀರಿದ ಟ್ರ್ಯಾಕ್ಟರುಗಳಿಗೂ 2023ರ ಜನವರಿಯಿಂದ ಹೊಸ ಹೊಗೆ ನಿಯಮ ಬಂದಿದೆ, ಅಂಥವನ್ನು ಕೊಂಡವರು ಪುಸ್ತಕ ತೆರೆದು ನೋಡಬೇಕು.

ಈ ಐದರಲ್ಲಿ ಎಲ್ಲಿಯೂ ನಿರ್ಣಯ ಮಾಡಿದ್ದು ಸಿಂಥೆಟಿಕ್ ಎಂಬ ಹೆಸರಲ್ಲ. ಇನ್ನೊಂದು ಸಂಗತಿ ನೋಡಿ. ಹೈಡ್ರಾಲಿಕ್ ಪಲ್ಟಿ ನೇಗಿಲನ್ನೋ ಡಂಪಿಂಗ್ ಟ್ರೇಲರನ್ನೋ ಬಾಡಿಗೆಗೆ ತಂದು ಪೈಪು ಜೋಡಿಸಿದಾಗ ಅದರ ಸಿಲಿಂಡರಿನಲ್ಲಿ ಉಳಿದ ಎಣ್ಣೆ, ಹಿಂದಿನ ಟ್ರ್ಯಾಕ್ಟರಿನದು, ನಿಮ್ಮ ಟ್ರ್ಯಾಕ್ಟರಿನ ಹೌಸಿಂಗಿಗೆ ಹೋಗುತ್ತದೆ. ನಿಮ್ಮದು ಅದರೊಳಕ್ಕೆ ಬರುತ್ತದೆ. ಕೃಷಿ ಯಂತ್ರಧಾರೆಯ ಬಾಡಿಗೆ ಉಪಕರಣಗಳಿಂದ ಹಿಡಿದು ಅಣ್ಣತಮ್ಮಂದಿರ ನಡುವೆ ಕೈಬದಲಾಗುವ ನೇಗಿಲಿನವರೆಗೆ ಈ ಬೆರಕೆ ವರ್ಷವಿಡೀ ನಡೆದೇ ಇದೆ. ಎಣ್ಣೆಯ ಜೊತೆ ಜೋಡಣೆಯ ಬಾಯಿಗೆ ಮೆತ್ತಿದ ಮಣ್ಣೂ ಹೋಗುತ್ತದೆ. ಹೈಡ್ರಾಲಿಕ್ ಪಂಪು ಸವೆಯುವುದು ಹೆಚ್ಚಾಗಿ ಆ ಮಣ್ಣಿನಿಂದ. ಜೋಡಿಸುವ ಮುಂಚೆ ಒಂದು ಅರಿವೆಯಿಂದ ಬಾಯಿ ಒರೆಸುವುದು ಯಾವ ದುಬಾರಿ ಎಣ್ಣೆಗಿಂತಲೂ ಹೆಚ್ಚು ಕೆಲಸ ಮಾಡುತ್ತದೆ.

ಖುಲ್ಲಾ ಎಣ್ಣೆಯ ಮಾತು ಹೇಳದೆ ಈ ವಿಷಯ ಮುಗಿಯದು. ಬ್ಯಾರಲಿನಿಂದ ಅಳೆದು ಕೊಡುವ ಅಗ್ಗದ ಎಣ್ಣೆಯಲ್ಲಿ ಏನಿದೆಯೆಂದು ಕೊಡುವವರಿಗೂ ಗೊತ್ತಿರುವುದಿಲ್ಲ. ಬಳಸಿದ ಎಣ್ಣೆಯನ್ನು ಸೋಸಿ ಬಣ್ಣ ತಿಳಿಯಾಗಿಸಿದ್ದೂ ಇರಬಹುದು. ಬಳಸಿದ ಎಣ್ಣೆಯನ್ನು ಕಾರ್ಖಾನೆಯಲ್ಲಿ ಕ್ರಮಬದ್ಧವಾಗಿ ಮತ್ತೆ ಶುದ್ಧೀಕರಿಸಿ ಒಳ್ಳೆಯ ಮೂಲ ಎಣ್ಣೆ ತೆಗೆಯುತ್ತಾರೆ, ಅದರ ಮೇಲೆ ನನ್ನ ತಕರಾರಿಲ್ಲ. ಬರೀ ಸೋಸಿದ್ದರಲ್ಲಿ ಮಾತ್ರ ಆಮ್ಲ ಉಳಿದಿರುತ್ತದೆ, ಕಾಯುವ ರಾಸಾಯನಿಕ ಖರ್ಚಾಗಿರುತ್ತದೆ. ಬಡ ರೈತ ಏನು ಮಾಡಬೇಕು, ಸಿಂಥೆಟಿಕ್ ಅವನ ಕೈಗೆ ಎಟುಕುತ್ತದೆಯೇ ಎಂದು ಕೇಳಬಹುದು. ಅವನಿಗೆ ಸಿಂಥೆಟಿಕ್ ಬೇಕಾಗಿಯೇ ಇಲ್ಲ. ಮೊಹರು ಇರುವ ಡಬ್ಬಿಯ, ಸರಿಯಾದ ದರ್ಜೆಯ ಸಾದಾ ಎಣ್ಣೆಯನ್ನು ಹೊತ್ತಿಗೆ ಸರಿಯಾಗಿ ಬದಲಿಸಿದರೆ 45 ಅಶ್ವಶಕ್ತಿಯ ಟ್ರ್ಯಾಕ್ಟರಿಗೆ ಅದೇ ಸಾಕು.

ಇಷ್ಟು ಗೊಂದಲಕ್ಕೆ ರೈತನನ್ನಾಗಲಿ ಮಿಸ್ತ್ರಿಯನ್ನಾಗಲಿ ದೂರುವುದು ನ್ಯಾಯವಲ್ಲ. ಡಬ್ಬಿಯ ಮುಂದೆ ಸಿಂಥೆಟಿಕ್ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ; ಯಾವ ಕೆಲಸಕ್ಕೆ, ಯಾವ ದರ್ಜೆ ಎಂಬುದನ್ನು ಹಿಂಬದಿಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಹಾಕಿರುತ್ತಾರೆ. ಓದಲು ಸಿಗುವುದರ ಮೇಲೆಯೇ ಜನ ನಂಬಿಕೆ ಕಟ್ಟಿಕೊಳ್ಳುತ್ತಾರೆ. ಹಿಂದಿ ಅಥವಾ ಇಂಗ್ಲಿಷಿನ ಜೊತೆಗೆ ಕನ್ನಡವನ್ನೂ ಮುದ್ರಿಸಲು ಪೊಟ್ಟಣದ ಕಾನೂನು ಅಡ್ಡಿಯಾಗಿಲ್ಲ. ಇಂಡಿಯನ್ ಆಯಿಲ್, ಭಾರತ್ ಪೆಟ್ರೋಲಿಯಂ, ಹಿಂದುಸ್ತಾನ್ ಪೆಟ್ರೋಲಿಯಂ ಸಾರ್ವಜನಿಕ ಸಂಸ್ಥೆಗಳು. ಅವರು ಮೊದಲು ಮಾಡಲಿ. ಸಂಕೇಶ್ವರದ ಹಿರಣ್ಯಕೇಶಿಯಂಥ ಸಹಕಾರಿ ಕಾರ್ಖಾನೆಗಳೂ ಊರೂರಿನ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳೂ ಇಂಜಿನಿಗೆ ಯಾವುದು, ಹೌಸಿಂಗಿಗೆ ಯಾವುದು, ಬ್ರೇಕಿಗೆ ಯಾವುದು, ಗ್ರೀಸು ಯಾವುದು ಎಂಬ ಕನ್ನಡದ ಪಟ್ಟಿಯೊಂದನ್ನು ಬರುವ ಹಂಗಾಮಿಗೆ ಮುಂಚೆ ಯಾರ್ಡಿನ ಗೇಟಿನಲ್ಲಿ ತೂಗುಹಾಕಲಿ.